ಮೂಲೆಗೆ ಉರುಳುವ ಗೋಲಿ

ಆ ಮನೆಯಲ್ಲಿ ಯಾರು ಏನು ಹೇಳಿದರೂ ಕೇಳಿದವರು ಅದನ್ನು ತಿರುಗಿ ಹೇಳಬೇಕಿತ್ತು. ಗಂಡನ ಕೆಲಸ ಮನೆಗೆ ಅಂಟಿಸಿದ ರೋಗ ಇದು. ಅವನು ರೈಲಿನ ಸಿಗ್ನಲ್ ಕ್ಯಾಬಿನ್ನಿನವನು. ಅಲ್ಲಿ ಪಕ್ಕದ ಕ್ಯಾಬಿನ್ನಿನಿಂದ ಫೋನಿನಲ್ಲಿ ಬಂದ ಮಾತನ್ನು ಅಕ್ಷರ ಬಿಡದೆ ತಿರುಗಿ ಒಪ್ಪಿಸುವ ತನಕ ಮಾತು ಮುಟ್ಟಿದ ಹಾಗಲ್ಲ. ಮುಂದಿನ ಹಳಿ ಖಾಲಿಯಿದೆ ಎಂದು ಅತ್ತಲಿನವನು ಖಾತ್ರಿ ಕೊಡುವ ತನಕ ಗಾಡಿ ಅಲ್ಲಾಡುವ ಹಾಗೂ ಇಲ್ಲ. ಮದುವೆಯ ಹೊಸತರಲ್ಲಿ ಅವನು “ಸಂಜೆ ಬರೋದು ತಡ ಆಗುತ್ತೆ” ಎಂದು ಹೇಳಿ ಬಾಗಿಲಲ್ಲೇ ನಿಂತುಬಿಡುತ್ತಿದ್ದ. ಇನ್ನೂ ಏನೋ ಹೇಳುವುದಿದೆಯೇನೋ ಎಂದು ಹೆಂಡತಿಯೂ ನಿಂತಿರುತ್ತಿದ್ದಳು. ಕೊನೆಗೆ ಅತ್ತೆಯೇ ಒಳಗಿನಿಂದ ಕೂಗಿದ್ದರು: “ತಿರುಗಿ ಹೇಳಿ ಕಳಿಸು ತಾಯಿ, ಇಲ್ಲಾಂದ್ರೆ ಅವನು ಹೊಸ್ತಿಲು ದಾಟಲ್ಲ!”

ಮಗಳು ಹುಟ್ಟಿ ಮಾತು ಕಲಿತ ಮೇಲೆ ರೋಗವೇ ಆಟವಾಯಿತು. ಅಪ್ಪ ಹೇಳಿದ್ದನ್ನು ಅಪ್ಪನ ದನಿಯಲ್ಲೇ, ಅಮ್ಮ ಗದರಿದ್ದನ್ನು ಅಮ್ಮನ ಗದರಿಕೆಯಲ್ಲೇ ತಿರುಗಿಸಿ ಒಪ್ಪಿಸುತ್ತಿದ್ದಳು. ಅದಕ್ಕೇ ಅವಳನ್ನು ಗಿಣಿ ಎಂದು ಕರೆದರು. ಶಾಲೆಯ ಹೆಸರು ಶಾಲೆಯಲ್ಲೇ ಉಳಿಯಿತು.

ಎಂಟು ತುಂಬಿದ ವರ್ಷ ಗಿಣಿಗೆ ಜ್ವರ ಬಂತು. ವಾರ ಕಳೆಯುವುದರೊಳಗೆ ಎಲ್ಲ ಮುಗಿಯಿತು. ಕಡೆಯ ದಿನ ತಾಯಿ “ಮಗೂ, ನೀರು ಕುಡೀತೀಯಾ?” ಎಂದು ಎಷ್ಟು ಕೇಳಿದರೂ ಮಗು ತಿರುಗಿ ಹೇಳಲಿಲ್ಲ.

ಆಮೇಲೆ ಆ ಮನೆಯಲ್ಲಿ ಮಾತೇ ಕಡಿಮೆಯಾಯಿತು. ಅವಳು ಅಡುಗೆ ಮಾಡುತ್ತಿದ್ದಳು, ಅವನು ಉಣ್ಣುತ್ತಿದ್ದ, ಅಷ್ಟೇ. ಹೀಗೇ ವರ್ಷ ಕಳೆದ ಮೇಲೆ ಒಂದು ದಿನ ಅವನು ಬಿಡುವಿನ ಹೊತ್ತಿನಲ್ಲಿ ಸೀಮೆಸುಣ್ಣ ಹಿಡಿದು, ನಡುಮನೆಯ ಬಾಗಿಲ ಹಿಂಬದಿಯ ತುಂಬ ಚೌಕಗಳನ್ನು ಬರೆದ. “ಜಗತ್ತು ಅನ್ನೋದು ಕ್ಯಾಬಿನ್ನುಗಳ ಸಾಲು ಕಣೇ. ಕಣ್ಣಿಗೆ ಕಾಣದಷ್ಟು ಚಿಕ್ಕ ಚಿಕ್ಕ ಕ್ಯಾಬಿನ್ನುಗಳು” ಎಂದ. ಅವಳು ಅಭ್ಯಾಸಬಲದಿಂದ ತಿರುಗಿ ಹೇಳಿದಳು. ಅವನ ಮುಖಕ್ಕೆ ಒಂದಿಷ್ಟು ಕಳೆ ಬಂತು.

ಎಲ್ಲೆಲ್ಲಿಂದಲೋ ವಿಜ್ಞಾನದ ಪುಸ್ತಕ ತಂದು ಓದಿ ಅವನು ಕಟ್ಟಿದ್ದ ಸಿದ್ಧಾಂತ ಅದು. ಒಂದು ಚೌಕ ತನಗೆ ಬಂದ ಸುದ್ದಿಯನ್ನು ತಿರುಗಿ ಒಪ್ಪಿಸಿ ಪಕ್ಕದ್ದಕ್ಕೆ ದಾಟಿಸುತ್ತದೆ. ಎಷ್ಟೇ ಅವಸರ ಮಾಡಿದರೂ ಒಂದು ಚೌಕ ದಾಟಲು ಒಂದು ಗಳಿಗೆ ಬೇಕೇ ಬೇಕು. ಬೆಳಕೆಂದರೆ ಮೂಟೆ ಹೊರದ ಬರೀ ಸುದ್ದಿ. ಅದು ಇದ್ದುದರಲ್ಲಿ ಬೇಗ ಓಡುತ್ತದೆ, ಅದಕ್ಕಿಂತ ಬೇಗ ಯಾರಿಗೂ ಸಾಧ್ಯವಿಲ್ಲ. ಕಲ್ಲಿಗಾದರೆ ಒಪ್ಪಿಸಬೇಕಾದ ವಿವರ ರಾಶಿ ರಾಶಿ, ಅದಕ್ಕೇ ತಳ್ಳಿದರೂ ಅಲ್ಲಾಡುವುದಿಲ್ಲ; ಅದನ್ನೇ ನಾವು ತೂಕ ಎನ್ನುತ್ತೇವೆ. ವಿವರ ಹೆಚ್ಚಿದ್ದ ಕಡೆ ಚೌಕಗಳಿಗೆ ಪುರುಸೊತ್ತಿಲ್ಲ, ಅಲ್ಲಿ ಕಾಲವೇ ನಿಧಾನ. “ಒಂದು ಚಕ್ರ ಕೆಸರಿಗೆ ಸಿಕ್ಕಿದ ಎತ್ತಿನಗಾಡಿ ಕೆಸರಿನ ಕಡೆಗೇ ತಿರುಗಲ್ವಾ? ಹಾಗೆ ಪಕ್ಕದಲ್ಲಿ ಹೋಗೋದೆಲ್ಲ ಆ ಕಡೆ ವಾಲುತ್ತೆ. ಸೆಳೆತ ಅಂದ್ರೆ ಅಷ್ಟೇ” ಎಂದ. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು ಮೆಲ್ಲಗೆ ಹೇಳಿದ, “ಒಂದ್ಸಲ ಬಂದ ಸುದ್ದೀನ ಅಳಿಸೋ ಹಕ್ಕು ಯಾವ ಕ್ಯಾಬಿನ್ನಿಗೂ ಇಲ್ಲ. ಗಿಣಿ ಎಲ್ಲೆಲ್ಲಿ ಇದ್ದಳೋ ಅಲ್ಲೆಲ್ಲ ಇದ್ದಾಳೆ.”

ಹಿಂದಿನದೆಲ್ಲ ಅವಳಿಗೆ ಅರ್ಧಂಬರ್ಧ. ಕಡೆಯದು ಮಾತ್ರ ನೆಟ್ಟಗೆ ಎದೆಗೆ ಹೋಗಿ ಕೂತಿತು. ಅದನ್ನು ಅವಳು ಎರಡು ಸಲ ತಿರುಗಿ ಹೇಳಿದಳು.

ಕೆಲವು ದಿನ ಕಳೆದು ನಡುಮನೆಯ ಕಪಾಟು ಒರೆಸುವಾಗ ಗಿಣಿಯ ಹಸಿರು ಗೋಲಿ ಕೈಜಾರಿ ಬಿತ್ತು. ಬಿದ್ದದ್ದು ಸುಮ್ಮನಿರದೆ ಮೆಲ್ಲಗೆ ಉರುಳುತ್ತ ಹೋಗಿ, ಗಿಣಿಯ ಮಂಚವಿದ್ದ ಮೂಲೆಯಲ್ಲಿ ನಿಂತಿತು. ಅವಳು ಗಂಡನನ್ನು ಕೂಗಿದಳು. ಅವನು ಬೇರೆ ಬೇರೆ ಕಡೆಯಿಂದ ಬಿಟ್ಟು ನೋಡಿದ. ಗೋಲಿ ಅದೇ ಮೂಲೆಗೆ ಹೋಯಿತು. ಅವನು ನೆಲದ ಮೇಲೆ ಕುಸಿದು ಕೂತು, “ಅಲ್ಲಿ ವಿವರ ಜಾಸ್ತಿ ಇದೆ” ಎಂದ. ಇಬ್ಬರೂ ಮನಸ್ಸು ತುಂಬ ಅತ್ತರು. ಅಂದಿನಿಂದ ಬೆಳಗ್ಗೆ ಎದ್ದು ಗೋಲಿ ಬಿಟ್ಟು, ಅದು ಮೂಲೆ ಮುಟ್ಟಿದ್ದನ್ನು ಕಣ್ಣಾರೆ ನೋಡಿಯೇ ಅವಳು ಒಲೆ ಹಚ್ಚುವುದು. ಮಗಳು ಸೆಳೆಯುತ್ತಿದ್ದಾಳೆ ಎನ್ನುವುದೊಂದೇ ಅವಳ ದಿನವನ್ನು ಸಂಜೆಯ ತನಕ ನೂಕುತ್ತಿತ್ತು. ಹೀಗೇ ಹದಿನೈದು ವರ್ಷ ಆಯಿತೆಂದರೆ ನಂಬಬೇಕು.

ಇಂಥ ಮನೆಯನ್ನು ಬಿಡಿ ಎಂದು ಅವಳ ತಮ್ಮ ಬೆನ್ನು ಬಿದ್ದ. ಅವನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು, ಅಕ್ಕನೆಂದರೆ ಜೀವ. ಬಾಡಿಗೆ ಮನೆ ಹಳಿಯ ಮಗ್ಗುಲಲ್ಲೇ ಇತ್ತು. ಗಾಡಿಗಳ ಅದುರಿಕೆಗೆ ಪಾಯ ಕುಸಿಯುತ್ತಿದೆ, ಗೋಡೆ ಬಿರುಕು ಬಿಟ್ಟಿದೆ, ನನ್ನ ಮನೆ ಪಕ್ಕದಲ್ಲೇ ಒಂದು ಮನೆ ನೋಡಿದ್ದೇನೆ ಎಂದು ಬಂದಾಗಲೆಲ್ಲ ಅವನದು ಒಂದೇ ರಾಗ. ಪೀಡಿಸಿ ಪೀಡಿಸಿ ಕೇಳಿದಾಗ ಅವಳು ಮೂಲೆಯ ವಿಷಯ ಬಾಯಿಬಿಟ್ಟಳು. ತಮ್ಮನಿಗೆ ನಗು ಬಂದಿತ್ತು, ಅವಳ ಮುಖ ನೋಡಿ ನುಂಗಿಕೊಂಡ.

“ನೀನು ಓದಿದವನು. ಭಾವ ಹೇಳೋದನ್ನ ಒಂದ್ಸಲ ಕೇಳಿ ಸರಿಯಾಗಿದೆ ಅಂತ ಹೇಳಿಬಿಡು. ಆಮೇಲೆ ಈ ಮನೆ ಬಿಡೋ ಮಾತು ಎತ್ತಬೇಡ” ಎಂದಳು. ಕರೆದವಳು ಅವಳೇ. ಯಾರೂ ಅವಳನ್ನು ಒತ್ತಾಯ ಮಾಡಿರಲಿಲ್ಲ.

ಭಾನುವಾರ ತಮ್ಮ ಬಂದ. ಗಂಡ ನುಣ್ಣಗೆ ಗಡ್ಡ ಕೆರೆದುಕೊಂಡು, ಮೇಲಧಿಕಾರಿಗಳು ತಪಾಸಣೆಗೆ ಬಂದಾಗ ಹಾಕುವ ಅಂಗಿ ಹಾಕಿಕೊಂಡಿದ್ದ. ಅವನು ಬಾಗಿಲ ಹಿಂದೆ ಚೌಕ ಬರೆದು ಎಲ್ಲ ವಿವರಿಸಿದ. ತಮ್ಮ ತಲೆಯಾಡಿಸುತ್ತ, “ಚೆನ್ನಾಗಿ ಯೋಚನೆ ಮಾಡಿದ್ದೀರಿ ಭಾವ” ಎಂದ. ಅವಳಿಗೆ ನಿಂತ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು.

“ಇದೆಲ್ಲ ಬರೀ ನನ್ನ ಮಾತು. ಖಾತ್ರಿ ಈಗ ತೋರಿಸ್ತೀನಿ” ಎಂದ ಗಂಡ. ಅವನ ಕೆಲಸದಲ್ಲಿ ಖಾತ್ರಿ ಎಂದರೆ ಒಂದು ಗುಟ್ಟಿನ ಸಂಖ್ಯೆ. ಅತ್ತಲಿನವನು ತನ್ನ ಹತ್ತಿರವಿರುವ ಪಟ್ಟಿಯಿಂದ ಅದನ್ನು ಹೇಳಬೇಕು, ಇತ್ತಲಿನವನಿಗೆ ಅದು ಮೊದಲೇ ಗೊತ್ತಿರಬಾರದು. “ನಾನು ಜಗತ್ತನ್ನ ಕೇಳಿದೆ ಕಣಯ್ಯ. ಪುಸ್ತಕದಲ್ಲಿ ಕೊಟ್ಟಿದ್ದಾರಲ್ಲ, ಇದಕ್ಕಿಂತ ಚಿಕ್ಕದಿಲ್ಲ ಅನ್ನೋ ಉದ್ದ, ಇದಕ್ಕಿಂತ ಚಿಕ್ಕದಿಲ್ಲ ಅನ್ನೋ ಕಾಲ? ಒಂದು ಚೌಕ, ಒಂದು ಗಳಿಗೆ. ಉದ್ದಾನ ಕಾಲದಿಂದ ಭಾಗಿಸಿದೆ. ಏನು ಬಂತು ಹೇಳು? ಬೆಳಕಿನ ವೇಗ! ಒಂದಂಕಿ ಆಚೀಚೆ ಇಲ್ಲ!”

ತಮ್ಮ ಲೋಟ ಕೆಳಗಿಟ್ಟ.

“ಭಾವ, ಆ ಉದ್ದಾನ ಯಾರೂ ಅಳತೆ ಮಾಡಿಲ್ಲ. ಬೆಳಕಿನ ವೇಗಾನ ಸೂತ್ರಕ್ಕೆ ಹಾಕಿ ಲೆಕ್ಕದಲ್ಲಿ ತೆಗೆದದ್ದು. ಆ ಕಾಲಾನೂ ಅಷ್ಟೇ, ಅದರೊಳಗೂ ಬೆಳಕಿನ ವೇಗ ಇದೆ. ಒಂದನ್ನ ಇನ್ನೊಂದರಿಂದ ಭಾಗಿಸಿದ್ರೆ ಬೆಳಕಿನ ವೇಗ ಅಲ್ಲದೆ ಇನ್ನೇನು ಬರುತ್ತೆ?”

ಅವಳಿಗೆ ಏನೂ ತಿಳಿಯಲಿಲ್ಲ. ಗಂಡನ ಮುಖದ ರಕ್ತ ಇಳಿದದ್ದು ಮಾತ್ರ ಕಂಡಿತು.

“ಅಂದ್ರೆ,” ಎಂದ ಅವನು, “ನಾನು ಕೊಟ್ಟ ನಂಬರನ್ನೇ ಅತ್ತಲಿಂದ ಬಂತು ಅಂತ ಬರಕೊಂಡೆ.”

“ಹಾಗಂತ ಜಗತ್ತು ನೀವು ಹೇಳಿದ ಹಾಗಿಲ್ಲ ಅಂತ ಅಲ್ಲ ಭಾವ. ಹಾಗಿದೆ ಅನ್ನೋದಕ್ಕೆ ಇದು ಸಾಕ್ಷಿ ಅಲ್ಲ, ಅಷ್ಟೇ.”

“ಹಾಗಾದ್ರೆ ಇರಬಹುದು ತಾನೇ?” ಅವಳು ನಡುವೆ ಬಾಯಿ ಹಾಕಿದಳು. “ಇರಬಹುದು ಅಂದ್ನಲ್ಲ, ಕೇಳಿದ್ರಾ?”

“ಖಾತ್ರಿ ಇಲ್ಲದೆ ಗಾಡಿ ಬಿಡೋ ಹಾಗಿಲ್ಲ ಕಣೇ” ಎಂದ ಗಂಡ. ಅವನ ದನಿ ಏರಲಿಲ್ಲ. ಏರಿದ್ದರೆ, ಒಂದೆರಡು ಬೈಗುಳ ಬೈದಿದ್ದರೆ ಅವಳಿಗೆ ಎಷ್ಟೋ ಮೇಲಾಗುತ್ತಿತ್ತು. ಅವನು ಒದ್ದೆ ಬಟ್ಟೆ ತಂದು ಬಾಗಿಲ ಹಿಂದಿನ ಚೌಕಗಳನ್ನು ಒರೆಸಿದ. ತಮ್ಮ ತಲೆ ತಗ್ಗಿಸಿಕೊಂಡು, “ತಪ್ಪು ತಿಳಿಬೇಡ ಅಕ್ಕ” ಎಂದು ಹೇಳಿ ಹೊರಟುಹೋದ. ಅವಳು ಬಾಗಿಲ ತನಕವೂ ಹೋಗಲಿಲ್ಲ. ತಮ್ಮನ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ತನ್ನ ಮೇಲೆ. ಸುಮ್ಮನಿದ್ದ ಮನೆಗೆ ತನ್ನ ಕೈಯಾರೆ ಬೆಂಕಿ ಇಟ್ಟುಕೊಂಡೆನಲ್ಲ ಎಂದು ಹಣೆ ಚಚ್ಚಿಕೊಂಡಳು.

ಗಂಡ ಹಿತ್ತಲ ಕೋಣೆಗೆ ಹೋಗಿ ರಸಮಟ್ಟ ಹಿಡಿದು ಬಂದ. ಗಾರೆಯವರು ನೆಲದ ಮಟ್ಟ ನೋಡುವ ಉಪಕರಣ. ನಡುವಿನ ಗಾಜಿನಲ್ಲಿ ಒಂದು ಗುಳ್ಳೆ, ಅದು ಯಾವಾಗಲೂ ಎತ್ತರವಿದ್ದ ಕಡೆಗೆ ಓಡುತ್ತದೆ. ಇಷ್ಟು ವರ್ಷ ಅದು ಮನೆಯಲ್ಲೇ ಇತ್ತು. ನಡುಮನೆಗೆ ಅವನು ಅದನ್ನು ಒಮ್ಮೆಯೂ ತಂದಿರಲಿಲ್ಲ, ಅವಳೂ ತನ್ನಿ ಎಂದಿರಲಿಲ್ಲ.

“ಬೇಡ ರೀ, ನಿಮ್ಮ ಕಾಲಿಗೆ ಬೀಳ್ತೀನಿ” ಎಂದು ಅವಳು ಕೈ ಹಿಡಿದುಕೊಂಡಳು. ಅವನು ಕೈ ಬಿಡಿಸಿಕೊಂಡು ನೆಲದ ಮೇಲೆ ಇಟ್ಟ. ಗುಳ್ಳೆ ಮೂಲೆಗೆ ಬೆನ್ನು ಹಾಕಿ ಇನ್ನೊಂದು ತುದಿಗೆ ಹೋಗಿ ನಿಂತಿತು.

“ನೆಲ ಆ ಕಡೆಗೆ ಇಳಿಜಾರಾಗಿದೆ” ಎಂದ. ಆಮೇಲೆ ಅವಳ ಮುಖ ನೋಡುತ್ತ ಕಾದ.

ಅವಳು ಕಪಾಟಿನ ಕಡೆ ನೋಡಿದಳು. ಹಸಿರು ಗೋಲಿ ಅಲ್ಲೇ ಇತ್ತು. ನಾಳೆ ಬೆಳಗ್ಗೆಯೂ ಅದು ಮೂಲೆಗೆ ಉರುಳುತ್ತದೆ, ನಾಡಿದ್ದೂ ಉರುಳುತ್ತದೆ, ಈ ಮನೆಗೆ ಬೇರೆ ಯಾರು ಬಂದು ಬಿಟ್ಟರೂ ಉರುಳುತ್ತದೆ.

“ನೆಲ ಆ ಕಡೆಗೆ ಇಳಿಜಾರಾಗಿದೆ” ಎಂದಳು. ಅಷ್ಟಕ್ಕೆ ನಿಲ್ಲಿಸಲಿಲ್ಲ. “ಮೂಲೇಲಿ ಯಾರೂ ಇಲ್ಲ” ಎಂದಳು.

ಈಗ ತಿರುಗಿ ಹೇಳಬೇಕಾದ ಸರದಿ ಅವನದು. ಅವನು ಬಾಯಿ ತೆರೆದ. ಹೊರಗೆ ಒಂದು ಗಾಡಿ ಮನೆಯನ್ನೆಲ್ಲ ಅದುರಿಸಿಕೊಂಡು ದಾಟಿಹೋಯಿತು. ಅದು ಹೋಗಿ ಎಷ್ಟೋ ಹೊತ್ತಾದರೂ ಅವಳು ಅವನ ಮುಖವನ್ನೇ ನೋಡುತ್ತ ನಿಂತಿದ್ದಳು. ಅವನ ಬಾಯಿಂದ ಮಾತು ಹೊರಡಲಿಲ್ಲ.