ನಾಲ್ಕನೇ ಜ್ವರ

ನಿಡಘಟ್ಟದ ಆಚೆ, ಹೆದ್ದಾರಿಯಿಂದ ಎರಡು ಮೈಲಿ ಒಳಗಿನ ಆ ಊರಿನಲ್ಲಿ ದೇವಿರಮ್ಮನಷ್ಟು ರೇಷ್ಮೆಹುಳು ಬಲ್ಲವರು ಇರಲಿಲ್ಲ. ಹುಳು ಜ್ವರಕ್ಕೆ ಕೂತಿದೆಯೋ ಎದ್ದಿದೆಯೋ ಎಂದು ಒಮ್ಮೆ ನೋಡಿಯೇ ಹೇಳುತ್ತಿದ್ದಳು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು, ತಲೆಯೆತ್ತಿ ಕೂತು, ಪೊರೆ ಕಳಚುವ ಒಂದು ದಿನ. ಎಲ್ಲವೂ ಎದ್ದ ಮೇಲೆಯೇ ಸೊಪ್ಪು ಹಾಕಬೇಕು. ಆತುರಪಟ್ಟರೆ ಹಿಂದೆ ಬಿದ್ದವು ಹಿಂದೆಯೇ ಉಳಿದು ಬೆಳೆ ಕೆಡುತ್ತದೆ.

ಈ ಬೆಳೆಯಲ್ಲಿ ಅವಳು ಹುಳುಮನೆಯೊಳಗೆ ಕಾಲಿಟ್ಟದ್ದು ಮೂರೇ ದಿನ. ಮುಟ್ಟಾದವಳು ಒಳಗೆ ಹೋಗುವಂತಿಲ್ಲ ಎಂಬುದು ಮನೆಯ ಕಟ್ಟಳೆ. ಮೊದಲು ನಾಲ್ಕು ದಿನಕ್ಕೆ ನಿಲ್ಲುತ್ತಿದ್ದದ್ದು ಒಂದು ವರ್ಷದಿಂದ ಹದಿನೆಂಟು ದಿನ ಹರಿಯುತ್ತಿತ್ತು. ಬಾಗಿಲಾಚೆ ಗೋಣಿಚೀಲದ ಮೇಲೆ ಕೂತು ಗಂಡ ಮಹದೇವುಗೆ ಕೂಗಿ ಹೇಳುತ್ತಿದ್ದಳು. ಅವನಿಗೆ ಕೇಳಿಸಿದಷ್ಟು ಅವನು ಮಾಡುತ್ತಿದ್ದ.

“ಗರ್ಭಕೋಸ ತೆಗಸ್ಬುಡವ್ವ, ನಮ್ಮ ಬೀದೀಲಿ ಮೂರು ಜನ ತೆಗಸವ್ರೆ. ಗೋಳೇ ಇರಾಕಿಲ್ಲ,” ಎಂದು ಅತ್ತೆ ಮಾಯಮ್ಮ ಹಟ ಹಿಡಿದಿದ್ದಳು. ದೇವಿರಮ್ಮ ಮಂಗಳವಾರ ಬೆಳಗಿನ ಬಸ್ಸು ಹಿಡಿದು ಒಬ್ಬಳೇ ಮಂಡ್ಯಕ್ಕೆ ಹೋದಳು.

ಡಾಕ್ಟರ್ ಹೇಮಶ್ರೀ ಸ್ಕ್ಯಾನಿನ ಪರದೆಯನ್ನು ಅವಳತ್ತ ತಿರುಗಿಸಿದರು. ಗರ್ಭಕೋಶದಲ್ಲಿ ನಿಂಬೆಹಣ್ಣಿನಷ್ಟು ಗೆಡ್ಡೆ, ಸುತ್ತ ಕೆಂಪು, ನೀಲಿ ಎಳೆಗಳು.

“ಕ್ಯಾನ್ಸರ್ ಅಲ್ಲಮ್ಮ. ಆದ್ರೆ ಬೆಳೆಯೋಕೆ ರಕ್ತ ಬೇಕಲ್ಲ, ಅದಕ್ಕೆ ಸುತ್ತ ಹೊಸ ರಕ್ತನಾಳ ಬೆಳೆಸ್ಕೊಂಡಿದೆ. ಗಟ್ಟಿಯಿಲ್ಲದ ನಾಳಗಳು, ಸೋರ್ತಾವೆ.”

ದೇವಿರಮ್ಮ ಆ ಎಳೆಗಳತ್ತ ಬೆರಳು ತೋರಿದಳು. “ನಮ್ಮ ನಾಲೇಲೂ ಇಂಗೇ ಕಣವ್ವ. ಯಾವನೋ ಏರಿ ಒಡ್ದು ತನ್ನ ಗದ್ದೆಗೆ ಕಾಲ್ವೆ ತಿರುಗಿಸ್ಕತಾನೆ. ಅದಕ್ಕೆ ನಾಲೇನೇ ಮುಚ್ಚಾಕಾದದಾ? ಅವನ ಕಾಲ್ವೆ ಕಟ್ಬೇಕು.”

ಡಾಕ್ಟರ್ ನಕ್ಕರು. “ಅದಕ್ಕೂ ದಾರಿ ಇದೆ. ಮೈಸೂರಲ್ಲಿ ತೊಡೆಯಿಂದ ಸಣ್ಣ ಕೊಳವೆ ಬಿಟ್ಟು ಗೆಡ್ಡೆಗೆ ಹೋಗೋ ರಕ್ತ ತಡೀತಾರೆ. ಎಲ್ಲರಿಗೂ ಪೂರ್ತಿ ಗುಣ ಅನ್ನಕ್ಕಾಗಲ್ಲ. ತೆಗೆಸೋದೂ ಒಂದು ದಾರಿನೇ. ತೀರ್ಮಾನ ನಿಮ್ದು. ಯಾವುದಕ್ಕೂ ಮೊದಲು ರಕ್ತ ಏರ್ಬೇಕು, ಹನ್ನೆರಡು ಇರ್ಬೇಕಾದ್ದು ಆರೂವರೆಗೆ ಇಳಿದಿದೆ.”

ಮಧ್ಯಾಹ್ನ ಅವಳು ಮನೆ ಮುಟ್ಟುವಾಗ ಮಹದೇವು ಹುಳುಮನೆಯಲ್ಲಿ ಹುಳುವಿನ ತಟ್ಟೆಗೆ ಸೊಪ್ಪು ಉದುರಿಸುತ್ತಿದ್ದ.

“ಎಲ್ಲ ಎದ್ದವಾ?”

“ಮುಕ್ಕಾಲು ಎದ್ದವೆ ಕಣಮ್ಮಿ. ಅಸ್ಕೊಂಡವೆ, ಪಾಪ.”

ಇದು ನಾಲ್ಕನೇ ಜ್ವರ, ಕೊನೆಯದು, ಇಲ್ಲಿ ಎಡವಿದರೆ ತಿದ್ದಲು ಇನ್ನೊಂದಿಲ್ಲ. ದೇವಿರಮ್ಮ ಚಪ್ಪಲಿ ಬಿಟ್ಟು, ಕಾಲು ತೊಳೆದು ಬಾಗಿಲಿಗೆ ಬಂದಳು. ಮಾಯಮ್ಮ ಅಡ್ಡ ನಿಂತಳು.

“ಮುಟ್ಟಾದೋಳು ಎಲ್ಲಿಗವ್ವ?”

“ಮುಟ್ಟು ಹದಿನೆಂಟು ದಿನ ಇರಾಕಿಲ್ಲ ಕಣತ್ತೆ. ಇದು ಗೆಡ್ಡೆ ಸಾಕ್ಕಂಡಿರೋ ರಕ್ತ. ಕಣ್ಣಾರೆ ನೋಡ್ಕ ಬಂದೀವ್ನಿ.”

“ಯಾವ್ದಾದ್ರೇನು, ರಕ್ತ ರಕ್ತವೇ.”

“ಅಂಗಾರೆ ಮೊನ್ನೆ ನಿಮ್ಮಗ ಕುಡ್ಲಲ್ಲಿ ಬೆಳ್ಳು ಕುಯ್ಕಂಡು, ಬಟ್ಟೆ ಸುತ್ಕಂಡು ಒಳಗೇ ಇದ್ನಲ್ಲ?”

ಮಹದೇವು ಕೈಯನ್ನು ಬೆನ್ನ ಹಿಂದೆ ಸರಿಸಿದ. ಮಾಯಮ್ಮ ಮಗನನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದಳು. “ಉಳ ಕೆಟ್ರೆ ನನ್ನ ಕೇಳ್ಬ್ಯಾಡ,” ಎಂದು ಪಕ್ಕಕ್ಕೆ ಸರಿದಳು.

“ನನ್ನೇ ಕೇಳಿ.”

ಒಳಗೆ ಹೋದವಳು ತಟ್ಟೆಯ ಮೇಲಿನ ಸೊಪ್ಪನ್ನು ಎಲೆಯೆಲೆಯಾಗಿ ಎತ್ತಿದಳು. ಉಳಿದವು ಏಳುವ ತನಕ ಎದ್ದವು ಮೇಯ್ದು ಮುಂದೋಡದಂತೆ ಸುಣ್ಣದ ಪುಡಿ ಎರಚಬೇಕಿತ್ತು. ತಲೆ ಸುತ್ತಿ ಬಂತು. ಗಳ ಹಿಡಿದು ನಿಂತು, ಮತ್ತೆ ಬಾಗಿದಳು.

“ಉಳ ಅಣ್ಣಾಗಿ ಗೂಡು ಕಟ್ಟೋಗಂಟ ನಾನೇ ಒಳಗಿರ್ತೀನಿ,” ಎಂದಳು ಗಂಡನಿಗೆ, ತಲೆಯೆತ್ತದೆ. “ರಕ್ತ ಏರೋ ಇಂಜೆಕ್ಸನ್ ಮದ್ದೂರಲ್ಲೇ ಆಕುಸ್ಕತೀನಿ. ಗೂಡು ಮಾರ್ಕೆಟ್ಟಿಗೆ ಕಳಿಸಿದ ಮಾರ್ನೇ ದಿನ ಮೈಸೂರಿಗೋಗದು. ಬತ್ತೀಯಾ?”

“ಬತ್ತೀನಿ ಕಣಮ್ಮಿ.”

“ಅಂಗಾದ್ರೆ ಸುಣ್ಣ ತತ್ತಾ.”