ಬಿಟ್ಟಿ ಬಳಗ

ಸುರೇಂದ್ರ ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ಗೊತ್ತಾದದ್ದು ರೊಟ್ಟಿಯಿಂದ.

"ಟ ಒತ್ತು ಸರಿಯಾಗಿ ಕೂರ್ತಾ ಇಲ್ಲ ಮೇಡಂ, ಅದಕ್ಕೇ ಪ್ರೋಗ್ರಾಮಿಗೆ ಬಳಗದ ಹೆಸರು ಹಾಕಿಲ್ಲ" ಎಂದು ಅವನು ಭಾನುವಾರ ಬಂದಾಗಲೆಲ್ಲ ರಾಗ ಎಳೆಯುತ್ತಿದ್ದ. ಒಮ್ಮೆ ಅವನು ಟೀ ಕುಡಿಯಲು ಎದ್ದು ಹೋದಾಗ ನಾನು ಅವನ ಕುರ್ಚಿಯಲ್ಲಿ ಕೂತು, ಅವನೇ ಬರೆದ ಕನ್ನಡದ ಪ್ರೋಗ್ರಾಮಿನಲ್ಲಿ 'ರೊಟ್ಟಿ' ಎಂದು ಟೈಪ್ ಮಾಡಿದೆ. ಬಂತು. 'ಕಟ್ಟೆ' ಬಂತು. 'ಹೊಟ್ಟೆಕಿಚ್ಚು' ಕೂಡ ಬಂತು. ಕೊನೆಗೆ 'ಬಿಟ್ಟಿ' ಎಂದು ಒತ್ತಿದೆ. ಅದೂ ಲಕ್ಷಣವಾಗಿ ಪರದೆಯ ಮೇಲೆ ಕೂತಿತು. ಟೀ ಅಂಗಡಿಯವನು ತಪ್ಪಿ ಹೆಚ್ಚಿಗೆ ಕೊಟ್ಟ ಚಿಲ್ಲರೆಯನ್ನು ಹುಡುಕಿಕೊಂಡು ಹೋಗಿ ವಾಪಸ್ ಕೊಡುವ ಹುಡುಗ, ಒಂದು ಒತ್ತಕ್ಷರದ ವಿಷಯದಲ್ಲಿ ನನಗೆ ಯಾಕೆ ಸುಳ್ಳು ಹೇಳಬೇಕು?

ನಾನು ಸರ್ವಮಂಗಳ. ಶಿಕಾರಿಪುರದಲ್ಲಿ ಟೈಪಿಂಗ್ ಕಲಿಸುವವಳು. ತಪ್ಪು ಬೆರಳು ತಪ್ಪು ಕೀಲಿಯ ಮೇಲೆ ಬಿದ್ದರೆ ಸ್ಕೇಲಿನಲ್ಲಿ ಮೇಜು ಕುಟ್ಟುತ್ತೇನೆ; ಊರಲ್ಲಿ ನನಗೆ ಸಿಡುಕಿ ಎಂಬ ಹೆಸರಿದೆ, ಅದರಲ್ಲಿ ಸುಳ್ಳೇನಿಲ್ಲ. ಟೈಪ್‌ರೈಟರುಗಳ ಕಾಲ ಮುಗಿಯುತ್ತ ಬಂದಾಗ ಒಂದು ಹಳೆಯ ಕಂಪ್ಯೂಟರ್ ತಂದು ಮೂಲೆಯಲ್ಲಿಟ್ಟೆ. ಅದನ್ನು ಜೋಡಿಸಿಕೊಟ್ಟವನು ಶಿರಾಳಕೊಪ್ಪದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಚನ್ನೇಶ. ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವ ಸಿದ್ಧಲಿಂಗೇಶ ಸರ್ ಒಂದು ದಿನ ಪತ್ರಿಕೆಯ ಜೊತೆ ಬಂದ ಸಿಡಿ ಹಿಡಿದುಕೊಂಡು ಬಂದರು. ಅದರಲ್ಲಿ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಇತ್ತು. ಅದನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು, ಯಾರ ಅಪ್ಪಣೆಯೂ ಬೇಡ ಎಂದು ಅವರು ಹೇಳಿದಾಗ ನಾನು ನಂಬಲೇ ಇಲ್ಲ. ನನ್ನ ತಂದೆ ಮಂಡಿ ವ್ಯಾಪಾರಿ. ಯಾರಾದರೂ ಏನನ್ನಾದರೂ ಸುಮ್ಮನೆ ಕೊಟ್ಟರೆ ಚೀಲದ ತಳ ನೋಡು ಎಂದು ಕಲಿಸಿ ಬೆಳೆಸಿದವರು.

ಆದರೆ ತಳದಲ್ಲಿ ಏನೂ ಇರಲಿಲ್ಲ. ನಾವು ಭಾನುವಾರ ನನ್ನಲ್ಲಿ ಸೇರಿ ಕಲಿತೆವು, ಕಂಪ್ಯೂಟರ್ ಇದ್ದವರ ಮನೆಗೆ ಹೋಗಿ ಹಾಕಿಕೊಟ್ಟು ಬಂದೆವು. ಸೊರಬದ ಕಡೆಯ ಹಳ್ಳಿಯಿಂದ ಬರುತ್ತಿದ್ದ ಸುರೇಂದ್ರ ಎಲ್ಲರನ್ನೂ ಮೀರಿಸಿದ. ಕನ್ನಡದ ಒಂದೊಂದು ಅಕ್ಷರವನ್ನೂ ಚುಕ್ಕಿ ಚುಕ್ಕಿಯಾಗಿ ಬಿಡಿಸಿ, ಕೀಲಿ ಒತ್ತಿದರೆ ಪರದೆಯ ಮೇಲೆ ಮೂಡುವ ಹಾಗೆ ಮಾಡಿದ. ದುಡ್ಡಿಲ್ಲದೆ ಮಾಡಿಕೊಡುತ್ತಾರೆ ಎಂದು ಊರಿನವರು ನಮ್ಮನ್ನು 'ಬಿಟ್ಟಿ ಬಳಗ' ಎಂದು ಆಡಿಕೊಂಡರು. ಆಡಿಕೊಂಡರೆ ಆಡಿಕೊಳ್ಳಲಿ ಎಂದು ಚನ್ನೇಶ ಅದನ್ನೇ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿ ನನ್ನ ಬಾಗಿಲಿಗೆ ತೂಗುಹಾಕಿದ. ನನಗೂ ಖುಷಿಯಾಗಿತ್ತು.

ಆಮೇಲೆ ಬೆಂಗಳೂರಿನಿಂದ ಫೋನ್ ಬಂತು. ಅಲ್ಲಿ ಕಂಪ್ಯೂಟರ್ ಪ್ರದರ್ಶನ. ಸುರೇಂದ್ರನ ಕನ್ನಡವನ್ನು ತಂದು ತೋರಿಸಿ, ನಿಮಗೊಂದು ಮೇಜು ಕೊಡುತ್ತೇವೆ, ಮೇಜಿನ ಮೇಲೆ ಬರೆಯಲು ಬಳಗದ ಹೆಸರು ಹೇಳಿ ಎಂದರು. ಸಿದ್ಧಲಿಂಗೇಶ ಸರ್ ಹೆಸರು ಹೇಳಿದಾಗ ಆ ಕಡೆಯಿಂದ ನಗು ಕೇಳಿಸಿತಂತೆ. ಅಂದಿನಿಂದ ಶುರುವಾಯಿತು ಜಗಳ.

"ದುಡ್ಡಿಲ್ಲ ಅನ್ನೋದು ಮುಖ್ಯ ಅಲ್ರೀ, ಸ್ವಾತಂತ್ರ್ಯ ಇದೆ ಅನ್ನೋದು ಮುಖ್ಯ. ಮುಕ್ತ ತಂತ್ರಾಂಶ ಬಳಗ ಅಂತ ಇಡೋಣ" ಎಂದರು ಸರ್.

"ಮುಕ್ತ ಅಂದ್ರ ಏನ್ರೀ ಸರ, ಸತ್ತು ಮೇಲೆ ಹೋಗಾದೇನ್ರಿ?" ಎಂದ ಚನ್ನೇಶ.

"ಸರಿ, ಸ್ವತಂತ್ರ ಬಳಗ ಅನ್ನೋಣ."

"ಈಸೂರಿನ ಮಂದಿ ನಗ್ತಾರ ನೋಡ್ರಿ. ಅವ್ರು ಸ್ವಾತಂತ್ರ್ಯಕ್ಕ ಪ್ರಾಣ ಕೊಟ್ಟಾರ, ನೀವು ಫ್ಲಾಪಿ ಕೊಟ್ಟೀರಿ. ಬಿಟ್ಟಿ ಅಂದ್ರ ಸಂತಿಗೆ ಬಂದ ಮುದುಕಿಗೂ ತಿಳಿತೈತಿ. ಹೆಸರು ಅಂದ್ರ ಹಂಗಿರಬೇಕು."

ನಾನು ಚನ್ನೇಶನ ಕಡೆ. ಹೆಸರು ಬದಲಾಯಿಸಲು ನಾವೇನು ಸಾಲಗಾರರೇ, ನಗುವವರು ನಗಲಿ ಎಂದು ಮೇಜು ಕುಟ್ಟಿದೆ. ಮುಂದಿನ ಭಾನುವಾರ ಕೈ ಎತ್ತಿಸಿ ತೀರ್ಮಾನ ಮಾಡುವುದು ಎಂದಾಯಿತು. ಆಗಲೇ ನನಗೆ ರೊಟ್ಟಿಯ ವಿಷಯ ನೆನಪಾಗಿ ಸುರೇಂದ್ರನ ಕಡೆ ತಿರುಗಿದೆ.

"ಏನಯ್ಯಾ, ನಿನ್ನ ಟ ಒತ್ತು ರೊಟ್ಟಿಗೆ ಕೂರುತ್ತೆ, ಕಟ್ಟೆಗೆ ಕೂರುತ್ತೆ, ನಮ್ಮ ಹೆಸರಿಗೆ ಮಾತ್ರ ಕೂರಲ್ವಾ?"

ಅವನು ಕೀಲಿಮಣೆಯಿಂದ ಕೈ ತೆಗೆದ. "ಹೆಸರು ಬದಲಾಗದೇ ಇದ್ರೆ ನಾನು ಬರೋದು ಕಷ್ಟ ಆಗ್ತದೆ ಮೇಡಂ. ಪ್ರೋಗ್ರಾಂ ಇಲ್ಲೇ ಇರ್ಲಿ. ಯಾರಾದ್ರೂ ಮುಂದುವರಿಸಿ."

ಚನ್ನೇಶ ಟೀ ಲೋಟ ಕೆಳಗಿಟ್ಟ. ಮುಂದುವರಿಸುವುದು ಯಾರು? ಅವನ ಅರ್ಧ ತಲೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. "ಯಾಕೋ ತಮ್ಮಾ, ಅಂಥಾದ್ದೇನೈತಿ ಆ ಹೆಸರಾಗ?"

"ನಮ್ಮನೇಲಿ ಆ ಮಾತು ಆಡಲ್ಲ. ನಮ್ಮೂರಿನ ಉಚ್ಚಂಗಪ್ಪ ಸಂತೆಗೆ ಬಂದಾಗ ಬೋರ್ಡು ನೋಡಿ, ಅಜ್ಜಿ ಹತ್ರ ಹೇಳಿಬಿಟ್ಟಿದ್ದಾನೆ." ಅಷ್ಟು ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದ.

ಅಜ್ಜಿಗೆ ಇಷ್ಟವಿಲ್ಲ ಎಂದು ಬಳಗದ ಹೆಸರು ಬದಲಾಯಿಸುವುದೇ ಎಂದು ನನಗೆ ಸಿಟ್ಟು ನೆತ್ತಿಗೇರಿತು. ವಾರವೆಲ್ಲ ಆ ಸಿಟ್ಟು ಇಳಿಯಲಿಲ್ಲ.

ಮುಂದಿನ ಭಾನುವಾರ ಸುರೇಂದ್ರ ಬಂದ. ಮಾತಿಲ್ಲದೆ ಕೂತು ಕೆಲಸ ಶುರು ಮಾಡಿದ. ಸರ್ ಗಂಟಲು ಸರಿಮಾಡಿಕೊಂಡು ಚರ್ಚೆಗೆ ಪೀಠಿಕೆ ಹಾಕುತ್ತಿದ್ದಾಗ ಬಾಗಿಲಲ್ಲಿ ಒಬ್ಬ ಮುದುಕಿ ಕಾಣಿಸಿದಳು. ಎಪ್ಪತ್ತರ ಆಸುಪಾಸು. ಚಪ್ಪಲಿ ಕಾಲಲ್ಲಿರಲಿಲ್ಲ, ಕೈಯಲ್ಲಿತ್ತು. ಹೊಸ್ತಿಲಾಚೆ ಮಣ್ಣಿನಲ್ಲೇ ನಿಂತು ಒಳಗೆ ಇಣುಕಿದಳು.

"ಅಜ್ಜೀ! ನೀ ಯಾಕೆ ಬಂದೆ?" ಸುರೇಂದ್ರ ಗಾಬರಿಯಿಂದ ಎದ್ದ. ಅವಳು ಹುಲಿಯಮ್ಮ, ಅವನ ತಂದೆಯ ತಾಯಿ. ಅವನಿಗೆ ತಿಳಿಯದ ಹಾಗೆ ಅವನ ಬಸ್ಸಿನ ನಂತರದ ಬಸ್ಸು ಹತ್ತಿ ಬಂದಿದ್ದಳು.

ಅವಳು ಅವನ ಕಡೆ ನೋಡಲೇ ಇಲ್ಲ. "ಇಲ್ಲಿ ಒಡೇರು ಯಾರು?" ಎಂದಳು.

"ಒಡೆಯರು ಅಂತ ಯಾರೂ ಇಲ್ಲಮ್ಮ, ಒಳಗೆ ಬನ್ನಿ" ಎಂದರು ಸಿದ್ಧಲಿಂಗೇಶ ಸರ್.

ಅವಳು ನಂಬಲಿಲ್ಲ. ಒಬ್ಬೊಬ್ಬರನ್ನೂ ಅಳೆದು, ಕೈಯಿರುವ ಮರದ ಕುರ್ಚಿಯಲ್ಲಿ ಕೂತಿದ್ದವಳು ನಾನೊಬ್ಬಳೇ ಆದ್ದರಿಂದ ನನ್ನ ಕಡೆ ತಿರುಗಿ ಕೈ ಮುಗಿದಳು.

"ಅಮ್ಮಾರೆ, ನಮ್ಮ ಹುಡುಗುಂಗೆ ಊಟ ಎಲ್ಲಿ ಹಾಕ್ತೀರಿ? ಒಳಗೋ, ಕೊಟ್ಟಿಗೇಲೋ?"

ನನಗೆ ಮೊದಲು ಆ ಮಾತು ಅರ್ಥವೇ ಆಗಲಿಲ್ಲ. ಆಮೇಲೆ ಹೊಳೆಯಿತು. ಬಿಟ್ಟಿ ಎಂದರೆ ನಮ್ಮ ಮನೆಯಲ್ಲಿ ಕಾಸಿಲ್ಲದೆ ಸಿಗುವ ವಸ್ತು. ಅವಳ ಮನೆಯಲ್ಲಿ ಬಿಟ್ಟಿ ಎಂದರೆ ಒಡೆಯನ ಮನೆಯಿಂದ ಕರೆ ಬಂದಾಗ, ಕೂಲಿ ಕೇಳದೆ, ಯಾಕೆಂದು ಕೇಳದೆ ಹೋಗಿ ದುಡಿದು ಬರುವುದು. ಅಕ್ಕಪಕ್ಕದ ತಾಲ್ಲೂಕುಗಳಲ್ಲಿ, ಅವೇ ಅಕ್ಷರಗಳಲ್ಲಿ, ಎರಡು ಮಾತು ಇದ್ದವು. ನಾನು ಟೈಪ್ ಮಾಡಿ ನೋಡಿದ್ದು ಒಂದನ್ನು ಮಾತ್ರ.

"ಅಜ್ಜಿ, ಇದು ಅದಲ್ಲ ಅಂತ ಎಷ್ಟು ಸಲ ಹೇಳ್ಲಿ?" ಸುರೇಂದ್ರ ಅಡ್ಡ ಬಂದ.

"ನೀ ಸುಮ್ನಿರು. ನಿನ್ನಜ್ಜನೂ ಹಂಗೇ ಹೇಳೋರು, ಏನಿಲ್ಲ ಕಣೆ ಒಂದೀಟು ಕೆಲ್ಸ ಅಂತ." ಅವಳು ಮತ್ತೆ ನನ್ನನ್ನೇ ನೋಡಿದಳು. "ನಾ ಮದ್ವೆ ಆಗಿ ಬಂದ ಮರುದಿನಾನೇ ಕರೆ ಬಂತು ಅಮ್ಮಾರೆ, ಅರಿಶಿಣದ ಸೀರೇಲೇ ಹೋದೆ. ಇವನಪ್ಪ ಹುಟ್ಟಿದಾಗ ಒಂದಿನ ಬರಾಕಾಗಲ್ಲ ಅಂದೆ. ಬರಲ್ಲ ಅಂದೋರ ಹಿಂದೇನೇ ಒಡೇರ ಆಳು ಬರೋನು, ಕರ್ಕೊಂಡು ಹೋಗಾಕೆ. ಬಾಣಂತಿ ಅಂತ ನೋಡ್ಲಿಲ್ಲ, ಬಾಗ್ಲಲ್ಲೇ ನಿಂತ. ಹಸಿಗೂಸನ್ನ ಗದ್ದೆ ಬದೀಲಿ ಮಲಗ್ಸಿ ನಾಟಿ ಹಾಕ್ದೆ. ಭೂಮಿ ನಮ್ಮ ಹೆಸರಿಗೆ ಆದ್ಮೇಲೆ ಆ ಮಾತು ಮನೇಲಿ ಆಡಿಲ್ಲ. ಈಗ ಇವ್ನು ಓದಿ, ಶಾಣ್ಯಾ ಆಗಿ, ತಾನಾಗೇ ಬಿಟ್ಟಿಗೆ ಬತ್ತಾನೆ ಅಂದ್ರೆ..."

ಮಾತು ನಿಲ್ಲಿಸಿ ಅವಳು ಚಪ್ಪಲಿ ಕೆಳಗಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸ್ತಿಲು ದಾಟಿ ಬಂದು, ಬಾಗಿಲ ಹಿಂದೆ ಒರಗಿಸಿಟ್ಟಿದ್ದ ನನ್ನ ಪೊರಕೆಯನ್ನು ಕೈಗೆತ್ತಿಕೊಂಡಳು.

"ಅವನ ಬದ್ಲು ನಾ ಬತ್ತೀನಿ. ಕೈ ಇನ್ನೂ ಗಟ್ಟಿ ಅದೆ. ಅವನ್ನ ಬಿಟ್ಬಿಡಿ."

ಅಷ್ಟು ಹೇಳಿ ಗುಡಿಸತೊಡಗಿದಳು. ನಿಜವಾಗಿ ಗುಡಿಸತೊಡಗಿದಳು, ಟೈಪ್‌ರೈಟರುಗಳ ಮೇಜಿನ ಕೆಳಗಿನಿಂದ. ಸುರೇಂದ್ರ ಓಡಿಹೋಗಿ ಪೊರಕೆ ಕಿತ್ತುಕೊಂಡ. ಚನ್ನೇಶ ಎದ್ದು ನಿಂತು, ಎಲ್ಲಿ ನೋಡಬೇಕೆಂದು ತಿಳಿಯದೆ ಗೋಡೆ ನೋಡಿದ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ.

ಸಿದ್ಧಲಿಂಗೇಶ ಸರ್ ಹೇಗೋ ಬಾಯಿ ತೆರೆದರು. "ಅಮ್ಮಾ, ಇಲ್ಲಿ ಯಾರಿಗೂ ಸಂಬಳ ಇಲ್ಲ. ನಾನೂ ಮಾಡ್ತೀನಿ, ಇವರೂ ಮಾಡ್ತಾರೆ. ಮಾಡಿದ್ದು ಎಲ್ಲರಿಗೂ ಸೇರುತ್ತೆ."

"ನೀವೂ ಬಿಟ್ಟಿಯಾ?" ಅವಳು ಕನಿಕರದಿಂದ ಕೇಳಿದಳು. "ಬರಲ್ಲ ಅಂದ್ರೆ ಬಿಡ್ತೀರಾ?"

ವಾರಗಟ್ಟಲೆ ನಾವು ಮುಕ್ತ, ಸ್ವತಂತ್ರ, ಬಿಟ್ಟಿ ಎಂದು ಗಂಟಲು ಹರಿದುಕೊಂಡಿದ್ದೆವು. ಈ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ.

"ಬಿಡ್ತೀವಿ" ಎಂದರು ಸರ್.

"ಬಾಯಲ್ಲಿ ಹೇಳಿದ್ರೆ ಆಗಲ್ಲ." ಅವಳು ಮೊಮ್ಮಗನ ರಟ್ಟೆ ಹಿಡಿದಳು. "ಹೇಳೋ. ಇವರೆಲ್ಲರ ಎದುರಿಗೇ ಹೇಳು, ನಾ ಬರಲ್ಲ ಅಂತ."

ಪರದೆಯ ಮೇಲೆ ಅವನ ಕೆಲಸ ಅರ್ಧಕ್ಕೆ ನಿಂತಿತ್ತು. ಆ ವಾರದ ಕೊನೆಗೆ ಬೆಂಗಳೂರಿನ ಪ್ರದರ್ಶನ. ಅವನು ನನ್ನ ಮುಖ ನೋಡಿದ. ಅವನಿಗೆ ಹೇಳಲು ಇಷ್ಟವಿಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಹೇಳದಿದ್ದರೆ ಅವಳು ಮತ್ತೆ ಪೊರಕೆ ಹಿಡಿಯುತ್ತಾಳೆ ಎಂದೂ ತಿಳಿಯುತ್ತಿತ್ತು.

"ನಾ ಬರಲ್ಲ" ಎಂದ.

ಅವಳು ಅವನನ್ನು ಕರೆದುಕೊಂಡು ಹೊರಗೆ ಇಳಿದಳು. ಚನ್ನೇಶ ಬಾಗಿಲ ಕಡೆ ನುಗ್ಗಿದ. ನಾನು ಅವನ ಅಂಗಿ ಹಿಡಿದು ಎಳೆದೆ.

"ಮೇಡಂ, ಪ್ರದರ್ಶನಕ್ಕ ಅವ್ನಿಲ್ದಿದ್ರ ಹೆಂಗ್ರೀ..."

"ಕೂತ್ಕೋ ಅಂದೆ!"

ರಸ್ತೆಯ ತಿರುವಿನ ತನಕ ಅವರು ಕಾಣಿಸುತ್ತಿದ್ದರು. ತಿರುವಿನಲ್ಲಿ ಹುಲಿಯಮ್ಮ ನಿಂತು ಹಿಂತಿರುಗಿ ನೋಡಿದಳು. ಅವನನ್ನು ಕರೆಯಬೇಕೆನಿಸಿತು. ಹಲ್ಲು ಕಚ್ಚಿ ಕೂತೆ.

ಸಂಜೆ ಚನ್ನೇಶ ಯಾರಿಗೂ ಹೇಳದೆ ಬಾಗಿಲಿನ ಹಲಗೆ ಇಳಿಸಿ, ಅಕ್ಷರಗಳನ್ನೆಲ್ಲ ಉಜ್ಜಿ ತೆಗೆದ. ಬೆಂಗಳೂರಿಗೆ ಫೋನ್ ಮಾಡಿ ಬರುವುದಿಲ್ಲ ಎಂದೆ. "ಹೆಸರು ಏನಾದ್ರೂ ಬದಲಾಯ್ತಾ ಮೇಡಂ?" ಎಂದು ಆ ಕಡೆಯವನು ನಗುತ್ತಲೇ ಕೇಳಿದ. ಸದ್ಯಕ್ಕೆ ನಮಗೆ ಹೆಸರಿಲ್ಲ ಎಂದು ಫೋನ್ ಕುಕ್ಕಿದೆ.

ವಾರದ ಮಧ್ಯೆ ನನಗೆ ತಡೆಯಲಾಗಲಿಲ್ಲ. ಹುಲಿಯಮ್ಮನ ಮನೆಗೇ ಹೋಗಿ ಕ್ಷಮೆ ಕೇಳಿ, ಹಲಗೆ ತೆಗೆದಿದ್ದೇವೆ, ಹುಡುಗನನ್ನು ಕಳಿಸಿಕೊಡಮ್ಮ ಎಂದು ಕೈ ಮುಗಿಯೋಣ ಎಂದುಕೊಂಡು ಸೊರಬದ ಬಸ್ಸು ಹತ್ತಿದೆ. ಕಾಲಿಡಲು ಜಾಗವಿಲ್ಲದಂತೆ ಮೂಟೆ ತುಂಬಿದ್ದರು. ಕಂಡಕ್ಟರ್ ಒಂದು ಅಂದ, ನಾನು ಎರಡು ಅಂದೆ, ನಿನ್ನ ಬಸ್ಸೂ ಬೇಡ ಏನೂ ಬೇಡ ಎಂದು ಸಿಟ್ಟಿನಿಂದ ಇಳಿದು ಮನೆಗೆ ಬಂದೆ. ಇಂಥ ಕೆಲಸಕ್ಕೆ ಹೊರಟಾಗಲೂ ಬಾಯಿ ಹಿಡಿತದಲ್ಲಿ ಇಟ್ಟುಕೊಳ್ಳಲಾಗದ ನನ್ನನ್ನು ನಾನೇ ಬೈದುಕೊಂಡೆ.

ಭಾನುವಾರ ನಾವು ಮೂವರೂ ಕೂತಿದ್ದೆವು. ಯಾರೂ ಕಂಪ್ಯೂಟರ್ ಹಚ್ಚಿರಲಿಲ್ಲ. ಆಗ ಸುರೇಂದ್ರ ಬಂದ. ಏನೂ ಆಗಿಲ್ಲದವನಂತೆ ತನ್ನ ಕುರ್ಚಿ ಎಳೆದುಕೊಂಡ.

"ಅಜ್ಜಿ ಕಳಿಸಿದ್ರಾ?" ಎಂದೆ.

"ಹೂಂ ಮೇಡಂ. ಅವತ್ತು ಬಸ್ಸಿನಲ್ಲಿ ಊರು ಬರೋ ತನಕ ಹಿಂದಿನ ಗಾಜಿನಲ್ಲೇ ನೋಡ್ತಾ ಬಂದ್ಲು. ಮನೆಗೆ ಹೋದ್ಮೇಲೆ ಬಾಗ್ಲು ಹಾಕೋಕೆ ಬಿಡ್ಲಿಲ್ಲ. ವಾರವೆಲ್ಲ ಹೊರಗಿನ ಜಗಲಿ ಮೇಲೇ ಕೂತಿದ್ಲು. ಬಸ್ಸು ಬಂದಾಗೆಲ್ಲ ಎದ್ದು ನಿಂತು, ಯಾರು ಇಳೀತಾರೆ ಅಂತ ನೋಡೋಳು. ನನ್ನನ್ನ ಕರ್ಕೊಂಡು ಹೋಗೋಕೆ ನಿಮ್ಮಲ್ಲಿ ಯಾರಾದ್ರೂ ಬಂದೇ ಬರ್ತೀರಿ ಅಂತ." ಅವನು ಕಂಪ್ಯೂಟರಿನ ಗುಂಡಿ ಒತ್ತಿದ. "ಇವತ್ತು ಬೆಳಿಗ್ಗೆ ಹೇಳಿದ್ಲು, ಯಾರೂ ಬರ್ಲಿಲ್ಲ ಕಣೋ, ಇನ್ನು ಬೇಕಾರೆ ನೀನಾಗೇ ಹೋಗು ಅಂತ."

ಚನ್ನೇಶ ನನ್ನ ಕಡೆ ನೋಡಿದ. ನಾನು ಸೊರಬದ ಬಸ್ಸು ಹತ್ತಿದ್ದು ಅವನಿಗೆ ಗೊತ್ತಿತ್ತು. ಆ ಮೂಟೆಗಳ ಮಧ್ಯೆ ಒಂದಿಷ್ಟು ಜಾಗ ಸಿಕ್ಕಿದ್ದರೆ, ಕೈ ಮುಗಿದುಕೊಂಡೇ ಆದರೂ, ಅವಳ ಬಾಗಿಲಲ್ಲಿ ಹೋಗಿ ನಿಂತಿರುತ್ತಿದ್ದವಳು ನಾನೇ.