ಏಳು ಬಾಗಿಲ ಮನೆಗೆ ದಾರಿ

ಪತ್ರಿಕಾ ಕಚೇರಿಯಲ್ಲಿ ಅವನನ್ನು ಎಲ್ಲರೂ ಅಲ್ಪವಿರಾಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುವ ಕೆಲಸ. ಊಟ ಆಯಿತೇ ಎಂದು ಯಾರಾದರೂ ಕೇಳಿದರೂ ಒಂದು ಗಳಿಗೆ ತಡೆದು, ಪ್ರಶ್ನೆಯಲ್ಲಿ ತಪ್ಪೇನಾದರೂ ಇದೆಯೇ ಎಂದು ಮನಸ್ಸಿನಲ್ಲೇ ನೋಡಿಕೊಂಡು, ಆಮೇಲೆ ಉತ್ತರ ಕೊಡುವ ಆಸಾಮಿ. ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಇದೇ ಮಹಾನಗರದಲ್ಲಿ. ಆದರೆ ಊರು ಅಂದರೆ ಅವನಿಗೆ ಗೊತ್ತಿದ್ದದ್ದು ಎರಡೇ ಜಾಗ: ಮನೆ ಮತ್ತು ಕಚೇರಿ. ನಡುವಿನದ್ದು ಬಸ್ಸಿನ ಕಿಟಕಿಗೆ ಸೇರಿದ್ದು.

ಇಂಥವನ ತಲೆಗೆ ಒಂದು ದಿನ ಸಂಪಾದಕರು ಅಂಕಣ ಕಟ್ಟಿದರು. 'ಗೊತ್ತಿಲ್ಲದ ಗಲ್ಲಿ' ಎಂಬ ವಾರದ ಅಂಕಣ ಬರೆಯುತ್ತಿದ್ದವನು ಹೇಳದೆ ಕೇಳದೆ ಕೆಲಸ ಬಿಟ್ಟಿದ್ದ.

"ನೀವು ಇದೇ ಊರಿನೋರಲ್ವಾ?" ಎಂದರು ಸಂಪಾದಕರು.

ಅಲ್ಪವಿರಾಮ ತಡೆದು, "ಹೌದು ಸಾರ್, ಆದ್ರೆ..." ಎನ್ನುವಷ್ಟರಲ್ಲಿ ಅವರು ಹೊರಟೇ ಹೋಗಿದ್ದರು.

ಮೊದಲ ವಾರ ಅವನು ಪ್ರಾಮಾಣಿಕವಾಗಿಯೇ ಹೊರಟ. ಗುರುತಿಲ್ಲದ ಒಂದು ಬಡಾವಣೆಯಲ್ಲಿ ಇಳಿದ. ಹತ್ತು ನಿಮಿಷದಲ್ಲಿ ದಾರಿ ತಪ್ಪಿತು, ಹದಿನೈದನೆಯ ನಿಮಿಷಕ್ಕೆ ಕಂದು ಬಣ್ಣದ ನಾಯಿಯೊಂದು ಅಟ್ಟಿಸಿಕೊಂಡು ಬಂತು. ಕಾಲಿಗೆ ಬುದ್ಧಿ ಹೇಳಿ, ಸಿಕ್ಕ ಬಾಡಿಗೆ ಕಾರು ಹತ್ತಿ ಮನೆ ಸೇರಿದ. ಎರಡನೆಯ ವಾರದಿಂದ ಕಚೇರಿಯ ಗೋಡೆಗೆ ಅಂಟಿಸಿದ್ದ ಊರಿನ ನಕ್ಷೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತು ಬರೆಯತೊಡಗಿದ. ಇಪ್ಪತ್ತೆರಡು ವರ್ಷ ಬೇರೆಯವರ ತಪ್ಪು ತಿದ್ದಿದ ಕೈಗೆ ತಾನೇ ಸುಳ್ಳು ಹೇಳುವುದು ಇಷ್ಟು ರುಚಿಸುತ್ತದೆ ಎಂದು ಅವನಿಗೂ ಗೊತ್ತಿರಲಿಲ್ಲ. ಮರದ ಮೇಲಿನ ವಾಚನಾಲಯ ಹುಟ್ಟಿತು. ಕನ್ನಡಕವನ್ನಷ್ಟೇ ಮಾರುವ ಅಜ್ಜಿಯ ಗೂಡಂಗಡಿ ಹುಟ್ಟಿತು. ಎಲ್ಲಕ್ಕಿಂತ ಹೆಸರು ಮಾಡಿದ್ದು ಹಳೇ ಗಿರಣಿ ಹಿಂದಿನ ಬೀದಿಯ 'ಏಳು ಬಾಗಿಲ ಮನೆ'. ಏಳು ಜನ ಅಣ್ಣತಮ್ಮಂದಿರು ಜಗಳವಾಡಿ ಒಬ್ಬೊಬ್ಬರೂ ಒಂದೊಂದು ಬಾಗಿಲು ಇಟ್ಟುಕೊಂಡರಂತೆ. ಅಡುಗೆಮನೆ ಮಾತ್ರ ಒಂದೇ ಆದ್ದರಿಂದ ದಿನಕ್ಕೆ ಎರಡು ಹೊತ್ತು ಒಲೆಯ ಮುಂದೆ ರಾಜಿಯಾಗುತ್ತಿದ್ದರಂತೆ. ಓದುಗರು ಕಣ್ಣೀರು ಹಾಕಿಕೊಂಡು ಪತ್ರ ಬರೆದರು.

ಹೀಗೆ ಏಳು ತಿಂಗಳು ಸುಖವಾಗಿ ಕಳೆದ ಮೇಲೆ ಸೋದರತ್ತೆ ಬಂದಳು.

ಕಣ್ಣಿನ ಡಾಕ್ಟರಿಗೆ ತೋರಿಸಿಕೊಳ್ಳಬೇಕೆಂದು ದೂರದ ಊರಿಂದ ಬಂದಿದ್ದಳು. ಮೂವತ್ತಾರು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದ ಹೆಂಗಸು. ಯಾರನ್ನು ಕಂಡರೂ ಅವರು ಹುಟ್ಟಿದ ಗಳಿಗೆಯಿಂದ ಬಲ್ಲವಳಂತೆ ಮಾತನಾಡುವ ಅಭ್ಯಾಸ. ಕೈಚೀಲ ಕೆಳಗಿಡುವ ಮುಂಚೆಯೇ ಒಳಗಿಂದ ದಪ್ಪನೆಯ ಫೈಲು ತೆಗೆದಳು. ಅದರಲ್ಲಿ ಅಣ್ಣನ ಮಗ ಬರೆದ ಅಂಕಣಗಳೆಲ್ಲ ಕತ್ತರಿಸಿ ಅಂಟಿಸಿಟ್ಟಿದ್ದವು.

"ಡಾಕ್ಟ್ರು ಮಂಗಳವಾರ ಬರೋಕೆ ಹೇಳಿದ್ದಾರೆ. ಅಷ್ಟರೊಳಗೆ ಇವೆಲ್ಲ ನೋಡ್ಬೇಕು ಕಣೋ. ಆಮೇಲೆ ಕಣ್ಣು ಹೇಗಿರುತ್ತೋ ಏನೋ. ನಾಳೆ ಭಾನುವಾರ, ಮೊದಲು ಏಳು ಬಾಗಿಲ ಮನೆ."

ಅಲ್ಪವಿರಾಮ ಮೆಲ್ಲಗೆ ಹೆಂಡತಿಯ ಕಡೆ ನೋಡಿದ. ಗಂಡ ಕುರ್ಚಿಯಲ್ಲೇ ಕೂತು ಊರು ಸುತ್ತುವ ಸಂಗತಿ ಆ ಪುಣ್ಯಾತ್ಗಿತ್ತಿಗೆ ಮೊದಲಿಂದಲೂ ಗೊತ್ತಿತ್ತು.

"ಅಲ್ಲಿ ರಸ್ತೆ ಅಗೆದಿದ್ದಾರೆ, ಅಲ್ವೇನೆ?" ಎಂದು ಕಣ್ಣು ಮಿಟುಕಿಸಿದ.

"ನಂಗೇನು ಗೊತ್ತು? ಬರೆದೋರು ನೀವು. ತೋರಿಸೋರೂ ನೀವೇ," ಎಂದು ಅವಳು ಬಟ್ಟೆ ಒಣಹಾಕಲು ಹೋದಳು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಅತ್ತೆಯ ಪಕ್ಕ ಕೂತು ಅವನು ಯೋಜನೆ ಹಾಕಿದ. ಮನೆ ಕೆಡವಿದ್ದಾರೆ ಎಂದು ಹೇಳಿಬಿಡುವುದು. ಖಾಲಿ ಜಾಗ ಯಾವುದಾದರೂ ಇದ್ದೇ ಇರುತ್ತದೆ. ಅದರ ಮುಂದೆ ನಿಂತು ಎರಡು ನಿಟ್ಟುಸಿರು ಬಿಟ್ಟರೆ ಮುಗಿಯಿತು. ಸುಳ್ಳಿಗೆ ಸುಳ್ಳೇ ಮದ್ದು. ಈ ಸಮಾಧಾನದಲ್ಲಿ ಅವನು ಮೈಮರೆತದ್ದಕ್ಕೆ ಇಬ್ಬರೂ ಎರಡು ನಿಲ್ದಾಣ ಮುಂದೆ ಹೋಗಿ ಇಳಿದರು.

"ಇಲ್ಲಿಂದ ಹೇಗೆ?" ಎಂದಳು ಅತ್ತೆ.

ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಅಷ್ಟರಲ್ಲಿ ಅತ್ತೆ ಬಾಗಿಲು ಗುಡಿಸುತ್ತಿದ್ದ ಒಬ್ಬಳನ್ನು ಮಾತಿಗೆಳೆದು, ಅವಳ ಸೊಂಟನೋವಿಗೆ ಪರಿಹಾರ ಹೇಳಿ, ದಾರಿ ಕೇಳಿಕೊಂಡು ಬಂದಾಗಿತ್ತು. "ಗಿರಣಿ ಗೋಡೆ ಹಿಡ್ಕೊಂಡು ಹೋದ್ರೆ ಇಸ್ತ್ರಿ ಅಂಗಡಿ ಸಿಗುತ್ತಂತೆ. ಆದ್ರೆ ಅವಳು ಯಾಕೋ ನಕ್ಕಳು."

ಇಸ್ತ್ರಿ ಅಂಗಡಿ ಸಿಕ್ಕಿತು. ಅದರ ಮುಂದೆ ಹಲಗೆಯೊಂದು ತೂಗುತ್ತಿತ್ತು. ಕೆಂಪು ಬಣ್ಣದಲ್ಲಿ ಬರೆದಿತ್ತು: 'ಏಳು ಬಾಗಿಲ ಮನೆ ಇಲ್ಲಿ ಇಲ್ಲ. ಎಂದೂ ಇರಲಿಲ್ಲ. ದಯವಿಟ್ಟು ಕೇಳಬೇಡಿ.'

ಅತ್ತೆ ಕನ್ನಡಕ ಏರಿಸಿ ಎರಡು ಸಲ ಓದಿದಳು. "ಇದೇನಮ್ಮಾ ಹೀಗೆ ಬರೆದಿದ್ದೀರಾ?"

ಇಸ್ತ್ರಿಯವಳು ಕಾದ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. "ಇನ್ನೇನು ಬರೀಲಿ? ಏಳು ತಿಂಗಳಾಯ್ತು. ಭಾನುವಾರ ಬಂದ್ರೆ ಸಾಕು, ಏಳು ಬಾಗಿಲು ಎಲ್ಲಿ, ಏಳು ಬಾಗಿಲು ಎಲ್ಲಿ. ಹೇಳೋಕೆ ತಿರುಗಿದ್ದೇ ತಪ್ಪಾಗಿ ಎರಡು ಷರಟು ಸುಟ್ಟೆ. ಯಾವನೋ ಪೇಪರಿನಲ್ಲಿ ಬರೆದನಂತೆ. ಕೈಗೆ ಸಿಗ್ಲಿ ಅವನು. ಹಾಕಿಕೊಂಡಿರೋ ಬಟ್ಟೆ ಸಮೇತ ಇಸ್ತ್ರಿ ಮಾಡ್ತೀನಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅಲ್ಪವಿರಾಮ ತನ್ನ ಷರಟಿನ ಕಾಲರು ಸವರಿಕೊಂಡ. ಅತ್ತೆಯ ಮುಖ ಮಾತ್ರ ಅರಳುತ್ತಿತ್ತು. ಅಣ್ಣನ ಮಗ ಇಷ್ಟು ದೂರದ ಬೀದಿಯಲ್ಲೂ ಹೆಸರುವಾಸಿ. "ಆ ಬರೆದೋನು ಯಾರು ಗೊತ್ತಾ..." ಎಂದು ಶುರು ಮಾಡಿದವಳ ಮೊಣಕೈಯನ್ನು ಅವನು ಗಟ್ಟಿಯಾಗಿ ಹಿಡಿದ.

"ಯಾಕೋ?"

"ಬರೆಯೋರು ಗುಟ್ಟಾಗಿ ಓಡಾಡ್ಬೇಕು ಅತ್ತೆ. ಅದೇ ಪದ್ಧತಿ," ಎಂದು ಪಿಸುಗುಟ್ಟಿದ.

ಅತ್ತೆ ಅವನನ್ನು ಒಮ್ಮೆ ನೋಡಿದಳು. ನೋವೇ ಬಾರದೆ ಹೆರಿಗೆ ವಾರ್ಡಿಗೆ ಬಂದವರನ್ನು ನೋಡುತ್ತಿದ್ದ ನೋಟ ಅದು. ಆದರೆ ಏನನ್ನೂ ಹೇಳುವ ಮೊದಲೇ ಹಿಂದಿನಿಂದ ದನಿ ಬಂತು.

"ಏಳು ಬಾಗಿಲ ಮನೆ ಬೇಕಾಗಿತ್ತಾ? ಅವಳ ಮಾತು ಕೇಳ್ಬೇಡಿ. ಬನ್ನಿ ಬನ್ನಿ, ನಮ್ಮ ಮನೇನೇ ಅದು."

ತೆಳ್ಳಗೆ ಉದ್ದಕ್ಕಿದ್ದ ಒಬ್ಬ ಮುದುಕ ನಿಂತಿದ್ದ. ನೀರು ಸರಬರಾಜು ಕಚೇರಿಯಲ್ಲಿ ಪ್ಲಂಬರ್ ಆಗಿದ್ದು ನಿವೃತ್ತನಾದವನು. ಇಸ್ತ್ರಿಯವಳು ಹಣೆ ಚಚ್ಚಿಕೊಂಡಳು.

ಅಲ್ಪವಿರಾಮ ಮುದುಕನನ್ನೇ ನೋಡಿದ. ತಾನು ಹುಟ್ಟಿಸಿದ ಮನೆಗೆ ಯಜಮಾನನೂ ಹುಟ್ಟಿಕೊಂಡಿದ್ದಾನೆ. ಓಡಿಹೋಗೋಣವೆಂದರೆ ಅತ್ತೆ ಆಗಲೇ ಪ್ಲಂಬರನ ಜೊತೆ ಮಾತಾಡುತ್ತ ಮುಂದೆ ನಡೆದಿದ್ದಳು.

ಅದು ಎರಡು ಕೋಣೆಯ ಪುಟ್ಟ ಮನೆ. ಪ್ಲಂಬರನ ಹೆಂಡತಿ ನಡುಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದವಳು ತಲೆ ಎತ್ತಲೇ ಇಲ್ಲ. "ಇವತ್ತು ಇಬ್ಬರೇನಾ?" ಎಂದಳು ಅಷ್ಟೇ.

ಪ್ಲಂಬರ್ ಗಂಟಲು ಸರಿಮಾಡಿಕೊಂಡು ತೋರಿಸತೊಡಗಿದ. ಮುಂಬಾಗಿಲು ಒಂದು. ಹಿತ್ತಲ ಬಾಗಿಲು ಎರಡು. ಮಲಗುವ ಕೋಣೆಯದ್ದು ಮೂರು, ಬಚ್ಚಲಿನದ್ದು ನಾಲ್ಕು. ಅಲ್ಲಿಗೆ ಮನೆಯ ಬಾಗಿಲುಗಳು ಮುಗಿದವು, ಪ್ಲಂಬರನ ಹುಮ್ಮಸ್ಸು ಮುಗಿಯಲಿಲ್ಲ. ಬೀರುವಿನ ಬಾಗಿಲು ತೆಗೆದು, "ಐದು" ಎಂದ. ಫ್ರಿಜ್ಜಿನ ಬಾಗಿಲು ತೆಗೆದು, "ಆರು" ಎಂದ. ಗುಜರಿಯಿಂದ ತಂದು ಗೋಡೆಗೆ ಒರಗಿಸಿದ್ದ ದೊಡ್ಡ ಮರದ ಬಾಗಿಲ ಮುಂದೆ ನಿಂತು ದನಿ ತಗ್ಗಿಸಿದ. "ಇದು ಏಳನೇದು. ದೊಡ್ಡಜ್ಜಂದು. ತೆಗೆಯೋ ಹಾಗಿಲ್ಲ."

"ಯಾಕೆ?" ಎಂದಳು ಅತ್ತೆ.

"ತೆಗೆದ್ರೆ ಗೋಡೆ ಕಾಣುತ್ತೆ," ಎಂದಳು ಹೆಂಡತಿ, ತರಕಾರಿ ಹೆಚ್ಚುತ್ತಲೇ.

ಪ್ಲಂಬರ್ ಅದನ್ನು ಕೇಳಿಸಿಕೊಳ್ಳದವನಂತೆ ಕಥೆಗೆ ಇಳಿದ. "ನಮ್ಮ ತಾತಂದಿರು ಒಟ್ಟು ಎಂಟು ಜನ ಅಣ್ಣತಮ್ಮಂದಿರು. ಎಲ್ಲರಿಗಿಂತ ದೊಡ್ಡೋನು ಕುಸ್ತಿ ಪೈಲ್ವಾನ. ಒಬ್ಬೊಬ್ಬರಿಗೂ ಒಂದೊಂದು ಅಡುಗೆಮನೆ..."

ಅಲ್ಪವಿರಾಮ ಇಷ್ಟು ಹೊತ್ತು ತುಟಿ ಎರಡು ಮಾಡಿರಲಿಲ್ಲ. ಆದರೆ ಇಪ್ಪತ್ತೆರಡು ವರ್ಷದ ಅಭ್ಯಾಸ ಬಿಟ್ಟೀತೇ? ತಪ್ಪು ಕಣ್ಣೆದುರಿಗೇ ನಡೆಯುತ್ತಿತ್ತು, ಅದೂ ಸಾಲುಸಾಲಾಗಿ.

"ಏಳು ಜನ," ಎಂದ.

"ಏನು?"

"ಅಣ್ಣತಮ್ಮಂದಿರು ಏಳೇ ಜನ. ಎಂಟು ಜನಕ್ಕೆ ಏಳು ಬಾಗಿಲು ಹೇಗ್ರೀ ಸರಿಹೋಗುತ್ತೆ? ಪೈಲ್ವಾನ ಯಾರೂ ಇರಲಿಲ್ಲ. ಮತ್ತೆ ಅಡುಗೆಮನೆ ಒಂದೇ. ಕಥೆಯ ಜೀವಾಳವೇ ಅದು."

"ನಮ್ಮ ತಾತನ ವಿಷಯ ನಿಮಗೆ ಹೇಗೆ ಗೊತ್ತು?"

"ಗೊತ್ತಿಲ್ಲದೆ ಏನು? ಹುಟ್ಟಿಸಿದೋನೇ ನಾನು."

ಹೆಚ್ಚುವ ಸದ್ದು ನಿಂತಿತು. ಪ್ಲಂಬರನ ಹೆಂಡತಿ ಮೊದಲ ಸಲ ತಲೆ ಎತ್ತಿದಳು, ಕೈಯಲ್ಲಿ ಚಾಕು ಹಾಗೆಯೇ ಇತ್ತು.

ಬಾಯಿಂದ ಜಾರಿದ್ದು ಮತ್ತೆ ಒಳಗೆ ಹೋಗುವುದಿಲ್ಲ. ಅಲ್ಪವಿರಾಮ ಎಲ್ಲವನ್ನೂ ಒಪ್ಪಿಕೊಂಡ. ನಕ್ಷೆ, ಕುರ್ಚಿ, ಏಳು ತಿಂಗಳು. ವಿಚಿತ್ರವೆಂದರೆ ಪ್ಲಂಬರ್ ಒಂದು ಮಾತನ್ನೂ ನಂಬಲಿಲ್ಲ. "ಹೋಗ್ರೀ, ನಮ್ಮ ತಾತನ ಮನೆ ನಂಗೆ ಗೊತ್ತಿಲ್ವಾ?" ಎಂದು ಮುಖ ತಿರುಗಿಸಿದ. ಅವನ ಹೆಂಡತಿ ಮಾತ್ರ ಅಕ್ಷರ ಅಕ್ಷರವನ್ನೂ ನಂಬಿದಳು. ಭಾನುವಾರದ ಚಪ್ಪಲಿ ರಾಶಿಯನ್ನೂ, ಸ್ನಾನ ಅರ್ಧಕ್ಕೆ ಬಿಟ್ಟು ನಾಲ್ಕನೇ ಬಾಗಿಲು ತೆರೆಯಬೇಕಾಗಿ ಬಂದದ್ದನ್ನೂ, ಫ್ರಿಜ್ಜು ತೆಗೆದು ತೆಗೆದು ಹಾಲು ಒಡೆದದ್ದನ್ನೂ ಒಂದೇ ಉಸಿರಿನಲ್ಲಿ ಹೇಳಿ ಅವನ ನೀರಿಳಿಸಿದಳು.

ಅವನಿಗೆ ಅದು ಅಷ್ಟು ನೋಯಲಿಲ್ಲ. ನೋಯಿಸಿದ್ದು ಅತ್ತೆ. ಅವಳು ಸ್ಟೂಲಿನ ಮೇಲೆ ಕೂತು, ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹಾಳೆ ಮಗುಚುತ್ತಿದ್ದಳು.

"ಮರದ ಮೇಲಿನ ವಾಚನಾಲಯ?"

"ಇಲ್ಲ ಅತ್ತೆ."

"ಕನ್ನಡಕದ ಅಜ್ಜಿ? ಅವಳ ಹತ್ರ ಒಂದು ಕನ್ನಡಕ ತಗೊಳ್ಳೋಣ ಅಂದ್ಕೊಂಡಿದ್ದೆ ಕಣೋ."

"ಇಲ್ಲ."

"ಒಂದೂ ನಿಜ ಇಲ್ವಾ?"

ಅವನು ಯೋಚಿಸಿದ. "ಮೊದಲನೇ ವಾರದ್ದರಲ್ಲಿ ನಾಯಿ ಇದೆಯಲ್ಲ, ಅದು ನಿಜ."

ಅತ್ತೆ ಫೈಲು ಮುಚ್ಚಿದಳು. "ನಾನು ವಾರ್ಡಿನಲ್ಲಿ ಎಲ್ಲರಿಗೂ ಓದಿ ಹೇಳಿದ್ದೀನಿ," ಎಂದಳು ಮೆಲ್ಲಗೆ. ನಿವೃತ್ತಳಾದ ಮೇಲೂ ಅವಳು ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದಳು. "ನೋವು ತಿನ್ನೋ ಹುಡುಗೀರು ಒಂದು ಗಳಿಗೆ ಮೈಮರೀತಿದ್ರು."

ಅಲ್ಪವಿರಾಮ ತಲೆ ತಗ್ಗಿಸಿದ. ನಾಲ್ಕು ಬಾಗಿಲಿನಲ್ಲಿ ಯಾವುದರಿಂದ ಹೊರಗೆ ಹೋಗಲಿ ಎಂದು ತೋಚಲಿಲ್ಲ.

ಫೈಲನ್ನು ಕಂಕುಳಿಗೆ ಸೇರಿಸಿಕೊಂಡು ಅತ್ತೆಯೇ ಎದ್ದಳು. ದನಿಯಲ್ಲಿ ಹಳೆಯ ವಾರ್ಡಿನ ಗತ್ತು ಬಂದಿತ್ತು. "ಎದ್ದೇಳೋ. ಪೆನ್ನು ಇದೆಯಾ? ಇಷ್ಟು ದೂರ ಬಂದಾಗಿದೆ. ನೀನು ಈಗ ಈ ಬೀದಿ ನೋಡ್ತೀಯ, ನೋಡಿದ್ದನ್ನ ಬರೀತೀಯ. ಯಜಮಾನ್ರೇ, ನಿಮ್ಮ ತಾತ ಇರ್ಲಿ. ನೀವು ಇಲ್ಲಿ ಎಷ್ಟು ವರ್ಷ ಪೈಪು ಹಾಕಿದ್ರಿ?"

"ಮೂವತ್ತೊಂದು," ಎಂದ ಪ್ಲಂಬರ್, ಇನ್ನೂ ಮುನಿಸಿನಲ್ಲೇ.

"ಹಾಗಾದ್ರೆ ಅದನ್ನ ತೋರಿಸಿ."

ಬೀದಿಗೆ ಇಳಿದದ್ದೇ ಪ್ಲಂಬರ್ ಬೇರೆ ಮನುಷ್ಯನಾದ. ಏಳನೇ ಬಾಗಿಲಿನ ಮುಂದಿದ್ದ ನಾಟಕದ ದನಿ ಮಾಯವಾಯಿತು. ನಿಂತಲ್ಲಿ ಕಾಲಿನಿಂದ ನೆಲ ತಟ್ಟಿ, "ಇಲ್ಲಿ ಪೈಪು ಮೊಣಕೈ ಹಾಗೆ ಬಾಗುತ್ತೆ. ಆ ಮರದ ಬೇರು ಕಡೀಬಾರದು ಅಂತ ನಾನೇ ಬಾಗಿಸಿದ್ದು. ಮೇಲಿನೋರಿಗೆ ಹೇಳಿಲ್ಲ," ಎಂದ. ಎದುರುಬದುರಿನ ಎರಡು ಮನೆಗೂ ಒಂದೇ ಕೊಳವೆ. ಒಬ್ಬರು ನಲ್ಲಿ ತಿರುಗಿಸಿದರೆ ಇನ್ನೊಬ್ಬರಿಗೆ ನೀರು ನಿಲ್ಲುತ್ತದೆ. ಹತ್ತೊಂಬತ್ತು ವರ್ಷದಿಂದ ಮಾತಿಲ್ಲದಿದ್ದರೂ ಸ್ನಾನಕ್ಕೆ ಮುಂಚೆ ಇಬ್ಬರೂ ಕಿಟಕಿಗೆ ಟವೆಲು ನೇತುಹಾಕಿ ಸೂಚನೆ ಕೊಡುತ್ತಾರೆ. ಒಂದೇ ಸಾಲಿನಲ್ಲಿ ಮೂರು ಮನೆಗೆ ಹದಿನಾಲ್ಕನೇ ನಂಬರು, ಯಾರೂ ಬಿಟ್ಟುಕೊಡಲಿಲ್ಲ. ಅಂಚೆಯವನು ಕಾಗದದ ಅಕ್ಷರ ನೋಡಿಯೇ ಯಾರ ಮಗಳು ಬರೆದದ್ದೆಂದು ತಿಳಿದು ಹಂಚುತ್ತಾನೆ. ಗಿರಣಿಯ ಗೋಡೆ ಬೆಳಗಿನ ಬಿಸಿಲಿಗೆ ಕಾದು ಮಧ್ಯಾಹ್ನದವರೆಗೂ ಬಿಸಿಯಾಗಿರುತ್ತದೆಂದು ಮಂಡಿನೋವಿನವರೆಲ್ಲ ಅದಕ್ಕೆ ಬೆನ್ನು ಕೊಟ್ಟು ಸಾಲಾಗಿ ಕೂತಿದ್ದರು. ಅತ್ತೆಯೂ ಅವರ ನಡುವೆ ಜಾಗ ಮಾಡಿಕೊಂಡು ಕೂತಳು. ಅರ್ಧ ಗಂಟೆ ಏಳಲಿಲ್ಲ.

ಅಲ್ಪವಿರಾಮ ಬಸ್ ಟಿಕೆಟಿನ ಹಿಂದೆ ಬರೆದ, ಅದು ತುಂಬಿದ ಮೇಲೆ ಅಂಗೈ ಮೇಲೆ ಬರೆದ. ಇಸ್ತ್ರಿಯವಳಿಗೆ ತಾನೇ ಹೋಗಿ ವಿಷಯ ಹೇಳಿದ. ಅವಳು ಪೆಟ್ಟಿಗೆಯನ್ನು ಎತ್ತಿಕೊಂಡಳು. ಅವನು ಕಣ್ಣು ಮುಚ್ಚಿದ.

"ಕೈ ಆಚೆ ತೆಗೀರಿ, ದಿಂಬಿನ ಚೀಲ ಸುಕ್ಕಾಗುತ್ತೆ," ಎಂದಳು ಅವಳು. "ತಪ್ಪಾಯ್ತು ಅಂತ ಅಚ್ಚು ಹಾಕ್ಸಿ. ದೊಡ್ಡ ಅಕ್ಷರದಲ್ಲಿ."

ಅಚ್ಚಾಯಿತು, ತಪ್ಪೊಪ್ಪಿಗೆ ಮೇಲೆ, ಬೀದಿಯ ವಿವರ ಕೆಳಗೆ. ಸಂಪಾದಕರು ತಪ್ಪೊಪ್ಪಿಗೆಯನ್ನು ಓದಿ ಬೈದರು. ಬೀದಿಯ ವಿವರವನ್ನು ಓದಿ, "ಟವೆಲಿನ ವಿಷಯ ಸ್ವಲ್ಪ ಜಾಸ್ತಿ ಆಯ್ತು, ಯಾರೂ ನಂಬಲ್ಲ," ಎಂದರು. ಅಂಕಣ ಕಿತ್ತುಕೊಳ್ಳುವ ಮನಸ್ಸಿತ್ತು, ಆದರೆ ಬರೆಯಲು ಬೇರೆ ಯಾರೂ ಸಿಗಲಿಲ್ಲ. ಮಂಗಳವಾರ ಡಾಕ್ಟರು ಅತ್ತೆಯ ಕಣ್ಣು ಇನ್ನೂ ಹತ್ತು ವರ್ಷ ಗಟ್ಟಿ ಎಂದರು. ಅವಳು ಊರಿಗೆ ಹೊರಡುವಾಗ, "ವಾರ್ಡಿನಲ್ಲಿ ಇನ್ನು ಮುಂದೆ ನಾನು ಓದೋದು ನೀನು ನಡೆದು ಬರೆದಿದ್ದನ್ನ ಮಾತ್ರ," ಎಂದಳು.

ಮುಂದಿನ ಭಾನುವಾರ ಅವನು ಹೊರಡುವಾಗ ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಾನೂ ಇದೇ ಊರಿನೋಳೇ. ಏನು ನೋಡಿದ್ದೀನಿ?" ಎಂದಳು. ಇಬ್ಬರೂ ಹೆಸರೇ ಕೇಳಿರದ ನಿಲ್ದಾಣವೊಂದರಲ್ಲಿ ಇಳಿದರು. ಓಣಿಯ ತುದಿಯಲ್ಲಿ ಹೆಂಗಸೊಬ್ಬಳು ಏಣಿಯ ಮೇಲೆ ನಿಂತು ಗೋಡೆಗೆ ಸುಣ್ಣ ಬಳಿಯುತ್ತಿದ್ದಳು.

"ಯಾರ ಮನೆ ಬೇಕಾಗಿತ್ತು?" ಎಂದಳು ಮೇಲಿಂದಲೇ.

"ಯಾರ ಮನೇನೂ ಅಲ್ಲ. ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದ್ವಿ," ಎಂದ ಅಲ್ಪವಿರಾಮ.

ಅವಳು ಗಂಡಹೆಂಡಿರಿಬ್ಬರನ್ನೂ ಅಳೆದು ನೋಡಿದಳು. "ಸುಮ್ನೆ ಬಂದಿದ್ರೆ ಬನ್ನಿ ಹಾಗಾದ್ರೆ. ಒಬ್ಬರು ಏಣಿ ಹಿಡ್ಕೊಳ್ಳಿ, ಇನ್ನೊಬ್ಬರು ಆ ಬಕೆಟ್ ಮೇಲೆ ಕೊಡಿ."

ಅಲ್ಪವಿರಾಮ ಏಣಿ ಹಿಡಿದ, ಹೆಂಡತಿ ಬಕೆಟ್ ಎತ್ತಿದಳು.